ಬ್ರೇಕ್ ಕೊಳವೆಯ ಜೋಡಣೆ: ಬಿಗಿಯಾದದ್ದೆಲ್ಲ ಹೊಂದಿದ್ದಲ್ಲ

ಗುಬ್ಬಿ ತಾಲ್ಲೂಕಿನ ಕಡಬದ ಸುತ್ತಮುತ್ತ ತೆಂಗು, ಅಡಿಕೆ ತೋಟಗಳಿಗೆ ನೀರು ಹಾಯಿಸುವವರಿಗೆ ಪೈಪಿಗೆ ಪೈಪು ಜೋಡಿಸುವುದು ಹೊಸ ವಿದ್ಯೆಯೇನಲ್ಲ. ಕಬ್ಬಿಣದ ಪೈಪಿನ ತುದಿಯ ತಿರುಪಿಗೆ ಬಿಳಿಯ ಟೇಪನ್ನೋ, ಹಿಂದಿನವರಾದರೆ ಪೇಂಟು ಸವರಿದ ಸೆಣಬಿನ ನಾರನ್ನೋ ಸುತ್ತಿ ರೆಂಚಿನಿಂದ ಬಿಗಿಯುತ್ತಾರೆ. ನೀರು ಜಿನುಗಿದರೆ ಇನ್ನೂ ಅರ್ಧ ಸುತ್ತು ಬಿಗಿದರಾಯಿತು. ಆಗಲೂ ಹನಿ ನಿಲ್ಲದಿದ್ದರೆ ನಷ್ಟವಾಗುವುದು ಒಂದಿಷ್ಟು ನೀರು ಮಾತ್ರ.

ಇದೇ ಅಭ್ಯಾಸವನ್ನು ಹಳೆಯ ಕಾರಿನ ಬ್ರೇಕ್ ಕೊಳವೆಗೆ ಅನ್ವಯಿಸಿದರೆ ಏನಾಗುತ್ತದೆ? ನಮ್ಮ ಊರುಗಳಲ್ಲಿ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮಾರುತಿ 800 ಕಾರುಗಳನ್ನು ಪ್ರೀತಿಯಿಂದ ಉಳಿಸಿಕೊಂಡವರಿದ್ದಾರೆ. ಪದ್ಮಿನಿಯ ತಯಾರಿಕೆ 2000ದ ಸುಮಾರಿಗೆ ನಿಂತಿತು. ಅಂಬಾಸಿಡರ್ ಮತ್ತು ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತಿತು. ಹೊಸ ಬಿಡಿಭಾಗ ಸಿಗದಿದ್ದಾಗ ತುಮಕೂರಿನ ಗುಜರಿಯಲ್ಲೋ, ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರಗಳಲ್ಲೋ ಹುಡುಕುವುದು, ಒಂದು ಕಾರಿನ ಭಾಗವನ್ನು ಇನ್ನೊಂದಕ್ಕೆ ಕೂಡಿಸುವುದು ನಡೆದೇ ಇದೆ. ಬಾಗಿಲಿನ ಹಿಡಿಯನ್ನು ಹೀಗೆ ಕೂಡಿಸಿದರೆ ಚಿಂತೆಯಿಲ್ಲ. ಬ್ರೇಕಿನ ಭಾಗವಾದರೆ ಚಿಂತಿಸಬೇಕು. ಇಲ್ಲಿ ‘ತಿರುಗಿಸಿದೆ, ಬಿಗಿಯಾಯಿತು, ಹೊಂದಿತು’ ಎಂಬ ತರ್ಕ ಏಕೆ ತಪ್ಪಬಹುದು ಎಂಬುದನ್ನು ಪ್ರೌಢಶಾಲೆ ಮತ್ತು ಪಿ.ಯು.ಸಿ.ಯ ಭೌತಶಾಸ್ತ್ರದಿಂದಲೇ ಅರಿತುಕೊಳ್ಳಬಹುದು.

ಪಾದದಿಂದ ಚಕ್ರದವರೆಗೆ

ಕಾರಿನ ಬ್ರೇಕು ಪಾಸ್ಕಲನ ನಿಯಮದ ಮೇಲೆ ನಿಂತಿದೆ. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಒಂದು ಕಡೆ ಒತ್ತಡ ಹೇರಿದರೆ ಅದು ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ. ನಾವು ಪೆಡಲನ್ನು ಒತ್ತಿದಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಮುಂದೆ ಸರಿಯುತ್ತದೆ. ಅಲ್ಲಿ ಉಂಟಾದ ಒತ್ತಡ ಕೊಳವೆಗಳ ಮೂಲಕ ನಾಲ್ಕೂ ಚಕ್ರಗಳನ್ನು ತಲುಪುತ್ತದೆ.

ಒಂದು ಸಣ್ಣ ಲೆಕ್ಕ ಮಾಡೋಣ. ಪಾದದ ಬಲ 300 ನ್ಯೂಟನ್ ಇರಲಿ. ಪೆಡಲು ಒಂದು ಸನ್ನೆ. ಅದು ಬಲವನ್ನು 5 ಪಟ್ಟು ಹೆಚ್ಚಿಸಿದರೆ ಪಿಸ್ಟನ್ನಿನ ಮೇಲೆ 1500 ನ್ಯೂಟನ್ ಬಲ ಬೀಳುತ್ತದೆ. ಮಾಸ್ಟರ್ ಸಿಲಿಂಡರಿನ ಒಳವ್ಯಾಸ ಮುಕ್ಕಾಲು ಇಂಚು, ಅಂದರೆ 19.05 ಮಿ.ಮೀ. ಎಂದುಕೊಂಡರೆ ಅದರ ಕ್ಷೇತ್ರಫಲ 2.85 ಚದರ ಸೆಂ.ಮೀ. ಬಲವನ್ನು ಕ್ಷೇತ್ರಫಲದಿಂದ ಭಾಗಿಸಿದಾಗ ದೊರೆಯುವ ಒತ್ತಡ ಸುಮಾರು 5.3 ಮೆಗಾಪಾಸ್ಕಲ್. ಇದು ವಾತಾವರಣದ ಒತ್ತಡದ 52 ಪಟ್ಟು! ಗಾಬರಿಯಲ್ಲಿ ಎರಡರಷ್ಟು ಬಲದಿಂದ ತುಳಿದರೆ ನೂರು ಪಟ್ಟು ದಾಟುತ್ತದೆ. 20 ಮೀಟರ್ ಎತ್ತರದ ನೀರಿನ ಟ್ಯಾಂಕು ತನ್ನ ಬುಡದ ಪೈಪಿನಲ್ಲಿ ಉಂಟುಮಾಡುವ ಒತ್ತಡ ಇದೇ ಅಳತೆಯಲ್ಲಿ ಕೇವಲ 2. ತೋಟದ ಪೈಪಿಗೂ ಬ್ರೇಕಿನ ಕೊಳವೆಗೂ ಇರುವ ಮೊದಲ ವ್ಯತ್ಯಾಸ ಇದು.

ಎರಡನೆಯದು ದ್ರವದ ಪ್ರಮಾಣ. ಪಿಸ್ಟನ್ 30 ಮಿ.ಮೀ. ಸರಿದರೆ ಅದು ತಳ್ಳುವ ದ್ರವ ಸುಮಾರು 8.5 ಘನ ಸೆಂ.ಮೀ. ಮಾತ್ರ. ಇದು ಎರಡು ಟೀ ಚಮಚೆಗಿಂತ ಕಡಿಮೆ. ಕಾರನ್ನು ನಿಲ್ಲಿಸುವ ಕೆಲಸವೆಲ್ಲ ಇಷ್ಟರಿಂದಲೇ ಆಗಬೇಕು. ಇದರಲ್ಲಿ ಒಂದು ಚಮಚೆ ಹೊರಗೆ ಚಿಮ್ಮಿದರೂ ಪೆಡಲು ನೆಲಕ್ಕೆ ಹೋಗುತ್ತದೆ. 1950–60ರ ದಶಕಗಳ ವಿನ್ಯಾಸದ ಕಾರುಗಳಲ್ಲಿ ಸಾಮಾನ್ಯವಾಗಿ ನಾಲ್ಕೂ ಚಕ್ರಗಳಿಗೆ ಒಂದೇ ದ್ರವಮಾರ್ಗ ಇರುತ್ತಿತ್ತು. ಅಂಥಲ್ಲಿ ಒಂದು ಜೋಡಣೆ ಬಿಟ್ಟುಕೊಂಡರೆ ನಾಲ್ಕೂ ಬ್ರೇಕುಗಳು ಹೋದಂತೆಯೇ. ಉಳಿಯುವುದು ಹ್ಯಾಂಡ್ ಬ್ರೇಕ್ ಒಂದೇ. ನಂತರದ ಕಾರುಗಳಲ್ಲಿ ಎರಡು ಪ್ರತ್ಯೇಕ ಮಾರ್ಗಗಳನ್ನು ಕೊಟ್ಟದ್ದು ಇದೇ ಕಾರಣಕ್ಕೆ.

ಸೋರಿಕೆಯನ್ನು ತಡೆಯುವುದು ಯಾವುದು?

ಈಗ ಜೋಡಣೆಯನ್ನು ನೋಡೋಣ. ತಿರುಪಿನ ಸುರುಳಿ ಏಣುಗಳನ್ನು ಗ್ಯಾರೇಜಿನಲ್ಲಿ ‘ಥ್ರೆಡ್’ ಎನ್ನುತ್ತಾರೆ. ನಾವೂ ಹಾಗೆಯೇ ಕರೆಯೋಣ. ತೋಟದ ಕಬ್ಬಿಣದ ಪೈಪಿನಲ್ಲಿ ಥ್ರೆಡ್ಡು ತುದಿಗೆ ಹೋದಂತೆ ಸಣ್ಣದಾಗಿರುತ್ತದೆ. ಬಿಗಿದಷ್ಟೂ ಅದು ಬೆಣೆಯಂತೆ ಸಿಕ್ಕಿಕೊಳ್ಳುತ್ತದೆ, ಉಳಿದ ಸಂದನ್ನು ಟೇಪು ತುಂಬುತ್ತದೆ. ಅಂದರೆ ಅಲ್ಲಿ ನೀರನ್ನು ತಡೆಯುವುದು ಥ್ರೆಡ್ಡೇ.

ಬ್ರೇಕ್ ಕೊಳವೆಯಲ್ಲಿ ಹಾಗಿಲ್ಲ. ಕೊಳವೆಯ ತುದಿಯನ್ನು ಆಲಿಕೆಯಂತೆ ಅಗಲಿಸಿರುತ್ತಾರೆ. ಇದಕ್ಕೆ ‘ಫ್ಲೇರ್’ ಎಂದು ಹೆಸರು. ಇದು ಸಿಲಿಂಡರಿನ ರಂಧ್ರದ ತಳದಲ್ಲಿರುವ ಶಂಕುವಿನಾಕಾರದ ಪೀಠದ ಮೇಲೆ ಕೂರುತ್ತದೆ. ಕೊಳವೆಯ ಮೇಲೆ ಸಡಿಲವಾಗಿ ಸರಿಯುವ ಒಂದು ನಟ್ಟು ರಂಧ್ರದೊಳಗೆ ತಿರುಗುತ್ತ ಫ್ಲೇರನ್ನು ಹಿಂದಿನಿಂದ ಒತ್ತುತ್ತದೆ. ಫ್ಲೇರ್ ಮತ್ತು ಪೀಠ, ಲೋಹಕ್ಕೆ ಲೋಹ ಒತ್ತಿಕೊಂಡಾಗ ದ್ರವಕ್ಕೆ ದಾರಿ ಮುಚ್ಚುತ್ತದೆ. ಎಲ್ಲ ಸರಿಯಾಗಿದ್ದರೆ ದ್ರವವು ಥ್ರೆಡ್ಡಿನವರೆಗೆ ಬರುವುದೇ ಇಲ್ಲ. ಥ್ರೆಡ್ಡಿನ ಕೆಲಸ ಒತ್ತಿ ಹಿಡಿಯುವುದಷ್ಟೆ. ಆದ್ದರಿಂದ ಇಲ್ಲಿ ಟೇಪು ಸುತ್ತುವುದು ಕೇವಲ ನಿರುಪಯುಕ್ತವಲ್ಲ, ಅಪಾಯಕರವೂ ಹೌದು. ಅದು ಸೋರಿಕೆಯನ್ನು ಸ್ವಲ್ಪ ಕಾಲ ಮರೆಮಾಡಬಹುದು. ಅದರ ಚೂರುಗಳು ಒಳಸೇರಿ ಸಿಲಿಂಡರಿನ ಕಿರುರಂಧ್ರಗಳನ್ನು ಮುಚ್ಚಬಹುದು.

ನಟ್ಟು ಎಷ್ಟು ಬಲದಿಂದ ಒತ್ತುತ್ತದೆ? ಇಂಥ ನಟ್ಟನ್ನು ಸುಮಾರು 15 ನ್ಯೂಟನ್ ಮೀಟರ್ ತಿರುಚು ಬಲದಿಂದ ಬಿಗಿಯುತ್ತಾರೆ. ನಟ್ಟಿನ ವ್ಯಾಸ 10 ಮಿ.ಮೀ. ಇದ್ದರೆ, ಘರ್ಷಣೆಯನ್ನೂ ಸೇರಿಸಿದ ಎಂಜಿನಿಯರುಗಳ ಸಾಮಾನ್ಯ ಸೂತ್ರದ ಪ್ರಕಾರ ಫ್ಲೇರಿನ ಮೇಲೆ ಬೀಳುವ ಬಲ 15 ÷ (0.2 × 0.01) = 7500 ನ್ಯೂಟನ್, ಅಂದರೆ ಸುಮಾರು 750 ಕಿಲೋಗ್ರಾಂ ತೂಕದಷ್ಟು. ಇತ್ತ 10 ಮೆಗಾಪಾಸ್ಕಲ್ ಒತ್ತಡದ ದ್ರವ 6 ಮಿ.ಮೀ. ವ್ಯಾಸದ ವೃತ್ತದ ಮೇಲೆ ತಳ್ಳುವ ಬಲ 283 ನ್ಯೂಟನ್ ಮಾತ್ರ. ಒತ್ತುವ ಬಲ ತಳ್ಳುವ ಬಲಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಸುರಕ್ಷತೆಯ ಗುಟ್ಟು ಇದು. ಆದರೆ ಇದು ಸ್ಪ್ಯಾನರಿನ ಬಲ ಫ್ಲೇರನ್ನು ತಲುಪಿದಾಗ ಮಾತ್ರ ನಿಜ.

ಇಂಚು ಮತ್ತು ಮಿಲಿಮೀಟರ್

ತಲುಪದೇ ಹೋಗುವುದು ಹೇಗೆ? ಉತ್ತರಕ್ಕಾಗಿ ಸ್ವಲ್ಪ ಇತಿಹಾಸದತ್ತ ಹೊರಳಬೇಕು. ಒಬ್ಬೊಬ್ಬ ಕಮ್ಮಾರನೂ ತನ್ನದೇ ಅಳತೆಯ ತಿರುಪು ಮಾಡುತ್ತಿದ್ದ ಕಾಲದಲ್ಲಿ, 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಥ್ರೆಡ್ಡಿಗೆ 55 ಡಿಗ್ರಿ ಕೋನದ ಒಂದು ಮಾನಕವನ್ನು ಸೂಚಿಸಿದ. ಮಾನಕ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ 1904ರ ಫೆಬ್ರವರಿಯಲ್ಲಿ ಆದ ಬೆಂಕಿ ಅನಾಹುತವೇ ಸಾಕ್ಷಿ. ಅಕ್ಕಪಕ್ಕದ ನಗರಗಳಿಂದ ಅಗ್ನಿಶಾಮಕ ದಳಗಳು ಧಾವಿಸಿ ಬಂದವು. ಆದರೆ ಅವುಗಳಲ್ಲಿ ಅನೇಕರ ಪೈಪುಗಳ ತುದಿ ಬಾಲ್ಟಿಮೋರಿನ ನೀರಿನ ನಲ್ಲಿಗಳಿಗೆ ಕೂರಲೇ ಇಲ್ಲ. 1948ರಲ್ಲಿ ಅಮೆರಿಕ, ಬ್ರಿಟನ್ ಮತ್ತು ಕೆನಡಾ ಸೇರಿ 60 ಡಿಗ್ರಿ ಕೋನದ ಏಕೀಕೃತ ಇಂಚು ಥ್ರೆಡ್ಡನ್ನು ಒಪ್ಪಿಕೊಂಡವು. ಯೂರೋಪು ಮತ್ತು ಜಪಾನ್ ಮೆಟ್ರಿಕ್ ಥ್ರೆಡ್ಡಿನ ಹಾದಿ ಹಿಡಿದವು. ಅದರ ಕೋನವೂ 60 ಡಿಗ್ರಿಯೇ. ಹೀಗಾಗಿ ಎರಡನ್ನೂ ಕಣ್ಣಳತೆಯಲ್ಲಿ ಬೇರ್ಪಡಿಸುವುದು ಕಷ್ಟ.

ನಮ್ಮ ದೇಶ 1956ರ ಕಾಯಿದೆಯ ಮೂಲಕ ಮೆಟ್ರಿಕ್ ಪದ್ಧತಿಯನ್ನು ಅಂಗೀಕರಿಸಿತು. ಆದರೆ ಅದೇ ದಶಕದ ಕೊನೆಯಲ್ಲಿ ಬಂದ ಅಂಬಾಸಿಡರ್ ಕಾರು ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಪಡಿಯಚ್ಚು. ಪದ್ಮಿನಿಯ ಮೂಲ ಇಟಲಿಯ ಫಿಯಟ್ 1100. 1983ರ ಕೊನೆಗೆ ರಸ್ತೆಗಿಳಿದ ಮಾರುತಿ 800ರ ಮೂಲ ಜಪಾನಿನ ಸುಜುಕಿ. ಒಂದೇ ಗ್ಯಾರೇಜಿನ ಅಂಗಳದಲ್ಲಿ ಮೂರು ದೇಶಗಳ ಅಳತೆಗಳು ಸೇರಿದವು.

ಐದು ಸುತ್ತಿನ ಮೋಸ

ಯುದ್ಧಾನಂತರದ ಬ್ರಿಟಿಷ್ ವಿನ್ಯಾಸದ ಕಾರುಗಳ ಬ್ರೇಕ್ ನಟ್ಟುಗಳಲ್ಲಿ ಸಾಮಾನ್ಯವಾಗಿ ಕಾಣುವ ಅಳತೆ 3/8 ಇಂಚು ವ್ಯಾಸ, ಇಂಚಿಗೆ 24 ಸುತ್ತು. ಜಪಾನೀ ವಿನ್ಯಾಸದಲ್ಲಿ ಸಾಮಾನ್ಯವಾದದ್ದು 10 ಮಿ.ಮೀ. ವ್ಯಾಸ, 1 ಮಿ.ಮೀ. ಪಿಚ್. ಎರಡನ್ನೂ ಮಿಲಿಮೀಟರಿನಲ್ಲಿ ಬರೆಯೋಣ.

ಇಂಚು ನಟ್ಟು: ವ್ಯಾಸ 9.525, ಪಿಚ್ 1.058.
ಮೆಟ್ರಿಕ್ ನಟ್ಟು: ವ್ಯಾಸ 10.000, ಪಿಚ್ 1.000.

ವ್ಯತ್ಯಾಸ ಎಷ್ಟು ಸಣ್ಣದು, ನೋಡಿದಿರಾ? ಮೆಟ್ರಿಕ್ ನಟ್ಟನ್ನು ಇಂಚಿನ ರಂಧ್ರಕ್ಕೆ ಹಾಕಲು ಹೋದರೆ ಅದು ದಪ್ಪವಾಗಿರುವುದರಿಂದ ಬಾಯಲ್ಲೇ ತಡೆಯುತ್ತದೆ. ಬಲಾತ್ಕಾರ ಮಾಡದಿದ್ದರೆ ಅಪಾಯವಿಲ್ಲ. ಮೋಸವಿರುವುದು ತಿರುಗುಮುರುಗಾದಾಗ, ಅಂದರೆ ಇಂಚು ನಟ್ಟನ್ನು ಮೆಟ್ರಿಕ್ ರಂಧ್ರಕ್ಕೆ ಹಾಕಿದಾಗ. ಅಂಬಾಸಿಡರಿನ ಹಳೆಯ ಕೊಳವೆಗೆ ಜಪಾನೀ ವಿನ್ಯಾಸದ ಕಾರಿನ ಮಾಸ್ಟರ್ ಸಿಲಿಂಡರನ್ನು ಕೂಡಿಸಿದ್ದೀರಿ ಎಂದು ಭಾವಿಸಿ. ನಟ್ಟು ಸ್ವಲ್ಪ ಸಣ್ಣದಾದ್ದರಿಂದ ಸಲೀಸಾಗಿ ಒಳಹೋಗುತ್ತದೆ. ಎರಡು ಥ್ರೆಡ್ಡುಗಳ ನಡುವೆ ಅಕ್ಷದ ನೇರಕ್ಕೆ ಸುಮಾರು 0.3 ಮಿ.ಮೀ. ಸಡಿಲು ಇರುತ್ತದೆ. ಆದರೆ ಪ್ರತಿ ಸುತ್ತಿಗೂ ಪಿಚ್‌ಗಳ ನಡುವಿನ ಅಂತರ 0.058 ಮಿ.ಮೀ.ನಷ್ಟು ಕೂಡುತ್ತ ಹೋಗುತ್ತದೆ. ಐದು ಸುತ್ತಿನಲ್ಲಿ 0.29 ಮಿ.ಮೀ. ಆಗಿ ಸಡಿಲು ಮುಗಿಯುತ್ತದೆ. ಅಲ್ಲಿಂದ ಮುಂದೆ ನಟ್ಟು ‘ಬಿಗಿ’ಯಾಗುತ್ತದೆ!

ಹೀಗೆ ಬಿಗಿಯಾದದ್ದು ಥ್ರೆಡ್ಡಿಗೆ ಥ್ರೆಡ್ಡು ಸಿಕ್ಕಿಕೊಂಡದ್ದರಿಂದ, ಫ್ಲೇರ್ ಪೀಠಕ್ಕೆ ಒತ್ತಿದ್ದರಿಂದಲ್ಲ. ಸ್ಪ್ಯಾನರ್ ಹಿಡಿದ ಕೈಗೆ ಎರಡೂ ಒಂದೇ ಬಗೆಯ ಅನುಭವ. ಫ್ಲೇರಿಗೆ ತಲುಪಬೇಕಾದ ಬಲ ದಾರಿಯಲ್ಲೇ ಘರ್ಷಣೆಯಲ್ಲಿ ಮುಗಿದುಹೋಗಿರುತ್ತದೆ. ಜೊತೆಗೆ ಥ್ರೆಡ್ಡುಗಳು ಒಂದನ್ನೊಂದು ಹಿಡಿದುಕೊಳ್ಳುವ ಆಳ, ಸರಿಯಾದ ಜೋಡಿಯಲ್ಲಿ 0.54 ಮಿ.ಮೀ. ಇದ್ದರೆ, ಇಲ್ಲಿ 0.30 ಮಿ.ಮೀ. ಮಾತ್ರ. ಹಿಡಿತ ಅರ್ಧದಷ್ಟೇ. ಆ ಭಾರವನ್ನೂ ಎಲ್ಲ ಸುತ್ತುಗಳೂ ಹೊರುವುದಿಲ್ಲ. ತುದಿಗಳ ಒಂದೆರಡು ಸುತ್ತುಗಳು ಹೊರುತ್ತವೆ. ಕಂಪನ, ಶಾಖ, ಪದೇ ಪದೇ ಬೀಳುವ ಒತ್ತಡಗಳಿಂದ ಅವು ಒಂದು ದಿನ ಕಿತ್ತುಬರಬಹುದು. ಅದು ಗ್ಯಾರೇಜಿನಲ್ಲಿ ನಿಧಾನವಾಗಿ ಪೆಡಲು ಒತ್ತಿದಾಗ ಆಗದೆ, ರಸ್ತೆಯಲ್ಲಿ ಎಮ್ಮೆ ಅಡ್ಡ ಬಂದು ಗಟ್ಟಿಯಾಗಿ ತುಳಿದಾಗ ಆಗುವ ಸಂಭವವೇ ಹೆಚ್ಚು. ಏಕೆಂದರೆ ಒತ್ತಡ ಅತಿ ಹೆಚ್ಚಾಗುವುದು ಆ ಗಳಿಗೆಯಲ್ಲಿ.

ತುದಿಯ ಆಕಾರ

ಥ್ರೆಡ್ಡು ಹೊಂದಿದರೂ ಸಾಲದು. ಫ್ಲೇರಿನ ಆಕಾರವೂ ಪೀಠಕ್ಕೆ ಹೊಂದಬೇಕು. ಮುಖ್ಯವಾದ ಮೂರು ಬಗೆಗಳನ್ನು ಗುರುತಿಡಿ.

ಮೊದಲನೆಯದು 45 ಡಿಗ್ರಿಯ ಇಮ್ಮಡಿ ಫ್ಲೇರ್. ಕೊಳವೆಯ ಅಂಚನ್ನು ಒಳಕ್ಕೆ ಮಡಿಚಿ ಎರಡು ಪದರದ ಆಲಿಕೆ ಮಾಡಿರುತ್ತಾರೆ. ರಂಧ್ರದ ತಳದಲ್ಲಿ ಮೇಲೆದ್ದ ಶಂಕು ಇರುತ್ತದೆ. ಒಂದೇ ಪದರವಾದರೆ ಅಂಚು ಸೀಳುವ ಭಯವಿರುವುದರಿಂದ ಈ ಮಡಿಕೆ. ಅಮೆರಿಕನ್ ಮತ್ತು ಜಪಾನೀ ಕಾರುಗಳಲ್ಲಿ ಇದು ಸಾಮಾನ್ಯ.

ಎರಡನೆಯದು ಗುಳ್ಳೆ ಫ್ಲೇರ್. ಇದರಲ್ಲಿ ತುದಿ ಅಣಬೆಯ ತಲೆಯಂತೆ ಉಬ್ಬಿರುತ್ತದೆ, ರಂಧ್ರದ ತಳ ತಗ್ಗಾಗಿರುತ್ತದೆ. ಯೂರೋಪಿನ ಅನೇಕ ಕಾರುಗಳಲ್ಲಿದೆ.

ಮೂರನೆಯದು 37 ಡಿಗ್ರಿ ಫ್ಲೇರ್. ಇದು ವಿಮಾನಗಳ ದ್ರವಚಾಲಿತ ವ್ಯವಸ್ಥೆಗಳಿಂದ ಬಂದದ್ದು. ನಮ್ಮದೇ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆಯಂಥ ಕಡೆ ಕೆಲಸ ಮಾಡಬಯಸುವ ವಿದ್ಯಾರ್ಥಿಗಳು ಈ ಕೋನವನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಕಾರಿನ 45 ಡಿಗ್ರಿ ಪೀಠಕ್ಕೂ ಇದಕ್ಕೂ ವ್ಯತ್ಯಾಸ ಬರಿಯ 8 ಡಿಗ್ರಿ. ಆದರೆ ಇವೆರಡನ್ನು ಕೂಡಿಸಿದರೆ ಅಗಲವಾದ ಪಟ್ಟಿಯ ಬದಲು ಒಂದು ಅಂಚು ಮಾತ್ರ ತಾಗುತ್ತದೆ. ಗುಳ್ಳೆಯನ್ನು ಎದ್ದ ಶಂಕುವಿನ ಮೇಲೆ ಒತ್ತಿದರಂತೂ ಎರಡೂ ನಜ್ಜುಗುಜ್ಜಾಗುತ್ತವೆ.

ಇವಲ್ಲದೆ, ರಬ್ಬರ್ ಹೋಸಿನ ತುದಿಯಲ್ಲಿ ಉಂಗುರದಂಥ ಭಾಗದ ಮೂಲಕ ಹಾಯುವ ಟೊಳ್ಳು ಬೋಲ್ಟ್ ಕೆಲವೆಡೆ ಇರುತ್ತದೆ. ಅಲ್ಲಿ ಸೋರಿಕೆ ತಡೆಯುವುದು ಎರಡು ಬದಿಯ ಮೆತ್ತನೆಯ ತಾಮ್ರದ ವಾಷರುಗಳು. ಪ್ರತಿ ಸಲ ಬಿಚ್ಚಿದಾಗಲೂ ಹೊಸ ವಾಷರ್ ಹಾಕಬೇಕು.

ಅಳೆದು ನೋಡುವುದು ಹೇಗೆ?

‘ಅಂಬಾಸಿಡರ್ ಆದ್ದರಿಂದ ಇಂಚು, ಮಾರುತಿ ಆದ್ದರಿಂದ ಮೆಟ್ರಿಕ್’ ಎಂದು ಊಹಿಸಬೇಡಿ. ನಲವತ್ತು ವರ್ಷದ ಕಾರಿನಲ್ಲಿ ನಿಮಗಿಂತ ಮೊದಲು ಯಾರು ಏನನ್ನು ಬದಲಾಯಿಸಿದ್ದಾರೋ ಬಲ್ಲವರಾರು? ಇನ್ನೂ ಹಳೆಯ ಬ್ರಿಟಿಷ್ ಕಾರುಗಳಲ್ಲಿ 3/8 ಇಂಚಿನಲ್ಲೇ ಇಂಚಿಗೆ 20 ಸುತ್ತಿನ ಥ್ರೆಡ್ಡೂ ಉಂಟು. ಸ್ಪ್ಯಾನರ್ ಹೊಂದಿತೆಂದರೆ ಥ್ರೆಡ್ಡು ಹೊಂದಿತೆಂದೂ ಅಲ್ಲ. ಸ್ಪ್ಯಾನರ್ ನೋಡುವುದು ನಟ್ಟಿನ ತಲೆಯನ್ನು ಮಾತ್ರ.

ಬೇಕಾದ ಉಪಕರಣ ನಿಮ್ಮ ಕಾಲೇಜಿನ ಪ್ರಯೋಗಾಲಯದಲ್ಲೇ ಇದೆ. ವರ್ನಿಯರ್ ಕ್ಯಾಲಿಪರ್ಸಿನಿಂದ ನಟ್ಟಿನ ಥ್ರೆಡ್ಡಿನ ಹೊರವ್ಯಾಸ ಅಳೆಯಿರಿ. 9.4–9.5 ಬಂದರೆ ಇಂಚು, 9.8–10.0 ಬಂದರೆ ಮೆಟ್ರಿಕ್ ಇರಬಹುದು. ಅನಂತರ ಪಿಚ್ ನೋಡಿ. ಸರಿಯಾದ ಅಳತೆ ಗೊತ್ತಿರುವ ಒಂದು ನಟ್ಟನ್ನು ಇದರ ಪಕ್ಕಕ್ಕೆ, ಏಣು ಹಳ್ಳಕ್ಕೆ ಕೂರುವಂತೆ ಒತ್ತಿ ಬೆಳಕಿಗೆ ಹಿಡಿಯಿರಿ. ಎರಡೂ ಒಂದೇ ಆದರೆ ಬೆಳಕು ತೂರುವುದಿಲ್ಲ. ಬೇರೆಯಾದರೆ ಏಣುಗಳು ಕ್ರಮೇಣ ದಾರಿ ತಪ್ಪುವುದು ಕಾಣುತ್ತದೆ. ಭೌತಶಾಸ್ತ್ರದ ವಿದ್ಯಾರ್ಥಿಗೆ ಇದರ ಗುರುತು ಸಿಗಬೇಕು: ವರ್ನಿಯರಿನ ತತ್ತ್ವವೇ ಇದು! ಮೇಲಿನ ಇಂಚು ಥ್ರೆಡ್ಡಿನ 17 ಸುತ್ತುಗಳು ಮೆಟ್ರಿಕ್ಕಿನ 18 ಸುತ್ತುಗಳಿಗೆ ಸಮ. ಗ್ಯಾರೇಜಿನವರ ಬಳಿ ಇರುವ ಹಲ್ಲಿನ ಪಟ್ಟಿಗಳ ಥ್ರೆಡ್ ಗೇಜ್ ಮಾಡುವುದೂ ಇದನ್ನೇ.

ಕೊನೆಯದಾಗಿ ಟಾರ್ಚ್ ಬಿಟ್ಟು ರಂಧ್ರದ ತಳವನ್ನು ನೋಡಿ. ಶಂಕು ಎದ್ದಿದೆಯೋ, ತಗ್ಗಿದೆಯೋ? ಅದಕ್ಕೆ ತಕ್ಕ ಫ್ಲೇರ್ ಕೊಳವೆಯ ತುದಿಯಲ್ಲಿದೆಯೋ? ನಟ್ಟಿನ ಉದ್ದ ಸಾಕಷ್ಟಿದೆಯೋ, ಅಥವಾ ಫ್ಲೇರನ್ನು ಮುಟ್ಟುವ ಮೊದಲೇ ಅದರ ತಲೆ ಸಿಲಿಂಡರಿಗೆ ತಾಗಿ ನಿಲ್ಲುತ್ತದೋ? ಕೊಳವೆಯ ವ್ಯಾಸ, ಥ್ರೆಡ್ಡಿನ ವ್ಯಾಸ, ಪಿಚ್, ತುದಿಯ ಆಕಾರ, ನಟ್ಟಿನ ಉದ್ದ ಈ ಐದೂ ಹೊಂದಿದರೆ ಮಾತ್ರ ಜೋಡಣೆ ಹೊಂದಿತು.

ಹೊಂದದಿದ್ದರೆ?

ಇದಕ್ಕೆ ಪರಿಹಾರ ಸುಲಭವಾಗಿದೆ. 3/16 ಇಂಚಿನ ಕೊಳವೆ ಎಂದರೆ 4.76 ಮಿ.ಮೀ.; ಮೆಟ್ರಿಕ್ ಕಾರುಗಳ 4.75 ಮಿ.ಮೀ. ಕೊಳವೆಯೂ ಬಹುತೇಕ ಅಷ್ಟೇ. ಕೊಳವೆ ಒಂದೇ ಆದ್ದರಿಂದ ಅದರ ಒಂದು ತುದಿಗೆ ಇಂಚು ನಟ್ಟನ್ನೂ ಇನ್ನೊಂದು ತುದಿಗೆ ಮೆಟ್ರಿಕ್ ನಟ್ಟನ್ನೂ ಹಾಕಿ, ಆಯಾ ರಂಧ್ರಕ್ಕೆ ತಕ್ಕ ಫ್ಲೇರ್ ಮಾಡಿಸಬಹುದು. ಫ್ಲೇರ್ ಮಾಡುವ ಮೊದಲು ನಟ್ಟನ್ನು ಪೋಣಿಸಲು ಮರೆಯಬಾರದು! ಬ್ರೇಕಿಗೆಂದೇ ತಯಾರಾದ ಅಡಾಪ್ಟರುಗಳೂ ಇವೆ. ರಂಧ್ರಕ್ಕೆ ಹೊಸ ಥ್ರೆಡ್ಡು ಕೊರೆಯುವುದು, ನೀರಿನ ಪೈಪಿನಂತೆ ಉಂಗುರ ಬಿಗಿಯುವ ಜೋಡಣೆ ಹಾಕುವುದು, ಫ್ರಿಜ್ಜಿನ ತಾಮ್ರದ ಕೊಳವೆ ಬಳಸುವುದು ಕೂಡದು. ಶುದ್ಧ ತಾಮ್ರ ಕಂಪನಕ್ಕೆ ಸಿಕ್ಕಿ ಗಡುಸಾಗಿ ಬಿರುಕು ಬಿಡುತ್ತದೆ. ಬ್ರೇಕಿಗೆ ಲೇಪನವಿರುವ ಉಕ್ಕು ಅಥವಾ ತಾಮ್ರ–ನಿಕ್ಕಲ್ ಮಿಶ್ರಲೋಹದ ಕೊಳವೆ ಬೇಕು.

ಜೋಡಿಸಿದ ಮೇಲೆ ಗಾಳಿಯನ್ನು ಪೂರ್ತಿ ಹೊರತೆಗೆಯಬೇಕು. ಒಳಗೆ 1 ಘನ ಸೆಂ.ಮೀ. ಗಾಳಿ ಉಳಿದರೆ ಬಾಯ್ಲನ ನಿಯಮದಂತೆ 50 ಪಟ್ಟು ಒತ್ತಡದಲ್ಲಿ ಅದು ಐವತ್ತನೇ ಒಂದಕ್ಕೆ ಕುಗ್ಗುತ್ತದೆ. ಅದನ್ನು ಕುಗ್ಗಿಸಲೆಂದೇ ನಮ್ಮ ಉದಾಹರಣೆಯ ಪಿಸ್ಟನ್ 3.4 ಮಿ.ಮೀ., ಪೆಡಲು ಸುಮಾರು 17 ಮಿ.ಮೀ. ವ್ಯರ್ಥವಾಗಿ ಚಲಿಸಬೇಕು. ನಾವು ಬ್ರೇಕ್ ಆಯಿಲ್ ಎಂದು ಕರೆದರೂ ಸಾಮಾನ್ಯ ಬ್ರೇಕ್ ದ್ರವ ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯದು. ಅದಕ್ಕೆ ಎಂಜಿನ್ ಆಯಿಲ್ ಸೇರಿದರೆ ರಬ್ಬರ್ ಭಾಗಗಳು ಉಬ್ಬಿ ಕೆಡುತ್ತವೆ. ಆಮೇಲೆ ಪೆಡಲನ್ನು ಒಂದು ನಿಮಿಷ ಹಗುರವಾಗಿ, ಇನ್ನೊಂದು ನಿಮಿಷ ಬಲವಾಗಿ ಒತ್ತಿ ಹಿಡಿಯಿರಿ. ಅದು ಕೆಳಗಿಳಿಯಬಾರದು. ಪ್ರತಿ ಜೋಡಣೆಯನ್ನೂ ಒಣ ಕಾಗದದಿಂದ ಒರಸಿ ನೋಡಿ. ಮೊದಲ ಓಡಾಟ ಖಾಲಿ ಬಯಲಿನಲ್ಲಿ, ನಿಧಾನವಾಗಿರಲಿ.

‘ಗಟ್ಟಿ ಪೆಡಲ’ನ್ನೂ ನಂಬಬೇಡಿ

ಎಲ್ಲ ಜೋಡಣೆಗಳೂ ಹೊಂದಿದವು. ಆದರೆ ಹೊಸದಾಗಿ ಕೂರಿಸಿದ ಮಾಸ್ಟರ್ ಸಿಲಿಂಡರಿನ ಒಳವ್ಯಾಸ ಮುಕ್ಕಾಲು ಇಂಚಿನ ಬದಲು 7/8 ಇಂಚು ಇದೆ ಎನ್ನಿ. ಕ್ಷೇತ್ರಫಲ ವ್ಯಾಸದ ವರ್ಗದಂತೆ ಹೆಚ್ಚುತ್ತದೆ: (7/6)² = 49/36. ಅದೇ ಪಾದದ ಬಲಕ್ಕೆ ಒತ್ತಡ 36/49ಕ್ಕೆ ಇಳಿಯುತ್ತದೆ, ಅಂದರೆ ಶೇಕಡ 27ರಷ್ಟು ಕಡಿಮೆ. ಪೆಡಲು ಮಾತ್ರ ಕಡಿಮೆ ದೂರ ಇಳಿದು ಗಟ್ಟಿಯಾಗಿ ನಿಲ್ಲುತ್ತದೆ. ‘ಈಗ ಬ್ರೇಕು ಚೆನ್ನಾಗಿ ಗಟ್ಟಿಯಾಯಿತು’ ಎಂದು ಸವಾರ ಸಂತೋಷಪಡುತ್ತಾನೆ. ಕಾರು ನಿಲ್ಲಲು ಅವನು ಹಿಂದಿಗಿಂತ ಹೆಚ್ಚು ಬಲದಿಂದ ತುಳಿಯಬೇಕಾಗುತ್ತದೆ! ದೂರದಲ್ಲಿ ಗಳಿಸಿದ್ದನ್ನು ಬಲದಲ್ಲಿ ಕಳೆದುಕೊಳ್ಳಲೇಬೇಕು ಎಂಬುದು ಸನ್ನೆಯ ಪಾಠದಲ್ಲೇ ಇದೆ. ಆದ್ದರಿಂದ ಬಿಡಿಭಾಗ ತರುವಾಗ ಅದರ ಮೇಲೆ ಅಚ್ಚಾದ ಒಳವ್ಯಾಸವನ್ನೂ ಹೋಲಿಸಿ ನೋಡಿ.

ತರಗತಿಯಲ್ಲಿ ಮಾಡಿ ನೋಡಿ

ಶಿಕ್ಷಕರು ಗುಜರಿಯಿಂದ ಇಂಥ ನಾಲ್ಕೈದು ಬ್ರೇಕ್ ನಟ್ಟುಗಳನ್ನು ತರಿಸಿ, ಗುರುತು ಹೇಳದೆ ವಿದ್ಯಾರ್ಥಿಗಳಿಗೆ ಕೊಡಲಿ. ಹೊರವ್ಯಾಸವನ್ನು ವರ್ನಿಯರಿನಿಂದಲೂ ಸ್ಕ್ರೂ ಗೇಜಿನಿಂದಲೂ ಅಳೆಯಲಿ. ಏಣುಗಳ ಮೇಲೆ ಕಾರ್ಬನ್ ಕಾಗದವನ್ನೂ ಬಿಳಿಯ ಕಾಗದವನ್ನೂ ಒತ್ತಿ ಅಚ್ಚು ತೆಗೆದು, ಎಂಟು ಸುತ್ತುಗಳ ಉದ್ದದಿಂದ ಪಿಚ್ ಕಂಡುಹಿಡಿಯಲಿ. ಇಂಚು ಥ್ರೆಡ್ಡಾದರೆ 8.47 ಮಿ.ಮೀ., ಮೆಟ್ರಿಕ್ ಆದರೆ 8.00 ಮಿ.ಮೀ. ಬರಬೇಕು. ಒಂದೇ ಸುತ್ತನ್ನು ಅಳೆದಿದ್ದರೆ ಈ ವ್ಯತ್ಯಾಸ ಉಪಕರಣದ ಕನಿಷ್ಠ ಅಳತೆಯೊಳಗೆ ಅಡಗಿಹೋಗುತ್ತಿತ್ತು ಎಂಬುದನ್ನು ಅವರೇ ಕಂಡುಕೊಳ್ಳಲಿ. ಕೊನೆಗೆ ಯಾವ ನಟ್ಟು ಯಾವ ರಂಧ್ರಕ್ಕೆ ಹೊಂದುತ್ತದೆ ಎಂಬುದನ್ನು, ತಿರುಗಿಸಿ ನೋಡುವ ಮೊದಲೇ ಕಾಗದದ ಮೇಲೆ ಬರೆದು ಕೊಡಲಿ. ಆ ಅಭ್ಯಾಸ ಬೆಳೆಸಿಕೊಂಡ ಹುಡುಗ ಹುಡುಗಿಯರು ಮುಂದೆ ಗ್ಯಾರೇಜಿನಲ್ಲಿರಲಿ, ಕಾರ್ಖಾನೆಯಲ್ಲಿರಲಿ, ಅವರ ಕೈಯಿಂದ ಹೊರಟ ವಾಹನವನ್ನು ನಾವು ನಿಶ್ಚಿಂತೆಯಿಂದ ಹತ್ತಬಹುದು.